ಕೆಮ್ಮಿದ್ರೆ ಹಾರ್ಟ್ ಅಟ್ಯಾಕ್ ನಿಲ್ಲಲ್ಲ

ಆ ಮೆಸೇಜ್ ಮತ್ತೆ ಬಂದಿದೆ. ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದ್ರೆ ಜೋರಾಗಿ ಕೆಮ್ಮಬೇಕಂತೆ, ಇದನ್ನು ಹತ್ತು ಜನಕ್ಕೆ ಕಳಿಸಬೇಕಂತೆ. ಈ ಸಲ ಕಳಿಸಿದ್ದು ನಮ್ಮ ದೊಡ್ಡಮ್ಮ. ಕೆಳಗೆ ಕೈ ಮುಗಿಯೋ ಎಮೋಜಿ ಬೇರೆ.

ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುವುದೇ ಹಾರ್ಟ್ ಅಟ್ಯಾಕ್. ಎಷ್ಟು ಕೆಮ್ಮಿದರೂ ಆ ಹೆಪ್ಪು ಕದಲುವುದಿಲ್ಲ. ಆಸ್ಪತ್ರೆಯಲ್ಲಿ ಮಾನಿಟರ್ ಹಾಕಿದ ರೋಗಿಯ ಬಡಿತ ಏಕಾಏಕಿ ತಪ್ಪಿದಾಗ ಡಾಕ್ಟರು ಕೆಮ್ಮಿಸುವುದುಂಟು. ಅದಕ್ಕೇ ರೆಕ್ಕೆಪುಕ್ಕ ಕಟ್ಟಿ ಯಾರೋ ಹಾರಿಬಿಟ್ಟಿದ್ದಾರೆ.

ಆದರೆ ನನ್ನ ಪ್ರಕಾರ ನಮ್ಮ ಮನೆಗಳಲ್ಲಿ ಇದಕ್ಕಿಂತ ಅಪಾಯದ ಮಾತು "ಗ್ಯಾಸ್ಟ್ರಿಕ್ ಇರ್ಬೇಕು". ಎದೆ ಹಿಂಡಿದಂತಾಗುತ್ತಿದೆ, ಬೆವರು ಕಿತ್ಕೊಂಡು ಬರ್ತಿದೆ. ಆದರೂ ಮೊದಲು ಒಂದು ಈನೋ. ಆಮೇಲೆ ಜೀರಿಗೆ ಕಷಾಯ. ಆಮೇಲೆ ಬೆನ್ನಿಗೆ ಅಮೃತಾಂಜನ. ಹೃದಯದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ. ನೋವು ಎಡಗೈಗೇ ಬರಬೇಕೆಂದೂ ಇಲ್ಲ. ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೂ ಬರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಕೆಲವೊಮ್ಮೆ ಎದೆನೋವೇ ಇರುವುದಿಲ್ಲ. ಬರೀ ಸುಸ್ತು, ವಾಂತಿ, ಉಸಿರು ಕಟ್ಟಿದ ಹಾಗೆ.

ಆಗ ಅವರನ್ನು ನಡೆಸಬೇಡಿ. ಒರಗಿಸಿ ಕೂರಿಸಿ, 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಲರ್ಜಿ ಇಲ್ಲ, ರಕ್ತಸ್ರಾವದ ತೊಂದರೆ ಇಲ್ಲ ಅಂದರೆ ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡಬಹುದು. ನುಂಗುವುದಲ್ಲ, ಅಗಿಯಬೇಕು. ಪಕ್ಕದ ಮನೆಯವರು ನಾಲಿಗೆ ಕೆಳಗಿಡುವ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ಅನ್ನು ಮಾತ್ರ ಡಾಕ್ಟರು ಹೇಳದೆ ಕೊಡಬೇಡಿ, ಬಿಪಿ ಕುಸಿದುಬಿಡಬಹುದು.

"ಸೀದಾ ಬೆಂಗಳೂರಿಗೇ ಹೋಗೋಣ" ಅಂತ ಕಾರು ಹತ್ತುವವರಿಗೂ ಒಂದು ಮಾತು. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಹೇಳುತ್ತಾರೆ. ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಮುಚ್ಚಿದ ನಾಳವನ್ನು ಬಿಡಿಸುವ ಆಂಜಿಯೋಪ್ಲಾಸ್ಟಿ ಆಮೇಲೆ.

ಇನ್ನು ಮನುಷ್ಯ ಕುಸಿದು ಬಿದ್ದರೆ? ಕರೆದರೆ ಓಗೊಡುತ್ತಿಲ್ಲ, ಉಸಿರಿಲ್ಲ, ಇಲ್ಲವೇ ಬಿಟ್ಟು ಬಿಟ್ಟು ಗೊರಕೆಯಂತೆ ಎಳೆಯುತ್ತಿದ್ದಾರೆ. ಆ ಗೊರಕೆ ನೋಡಿ "ಉಸಿರಾಡ್ತಿದ್ದಾರೆ" ಅಂತ ಸುಮ್ಮನಾಗುವವರೇ ಜಾಸ್ತಿ. ಅದು ಉಸಿರಾಟವಲ್ಲ, ಹೃದಯ ನಿಂತಿದೆ. ನಾವೋ, ಬಾಯಿಗೆ ನೀರು ಬಿಡುತ್ತೇವೆ, ಕೈಗೆ ಕಬ್ಬಿಣದ ಬೀಗದ ಕೈ ತುರುಕುತ್ತೇವೆ!

ಮಂಚದ ಮೇಲಿದ್ದರೆ ನೆಲಕ್ಕೆ ಇಳಿಸಿ. ಎದೆಯ ನಟ್ಟನಡುವೆ ಅಂಗೈಯ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ, ಮೈಭಾರ ಬಿಟ್ಟು 5 ಸೆಂಟಿಮೀಟರ್ ಆಳಕ್ಕೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಪಕ್ಕೆಲುಬು ಲಟಕ್ ಅನ್ನಬಹುದು, ನಿಲ್ಲಿಸಬೇಡಿ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಪಕ್ಕದಲ್ಲಿದ್ದವರು ಕೈ ಬದಲಿಸಬೇಕು. 2021ರ ಯೂರೋ ಕಪ್‌ನಲ್ಲಿ ಡೆನ್ಮಾರ್ಕ್‌ನ ಎರಿಕ್ಸನ್ ಮೈದಾನದಲ್ಲೇ ಕುಸಿದಾಗ ಅಲ್ಲೇ ಹೀಗೆ ಎದೆ ಒತ್ತಿದರು, ಶಾಕ್ ಕೊಡುವ ಯಂತ್ರ ಬಳಸಿದರು. ಅವನು ಮತ್ತೆ ಫುಟ್ಬಾಲ್ ಆಡಿದ.

2025ರ ಜೂನ್-ಜುಲೈನಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗ ಜಯದೇವದ ಮುಂದೆ ಚೆಕಪ್‌ಗೆ ಜನ ಕ್ಯೂ ನಿಂತರು. ಹೆದರಿಕೆ ಸಹಜ, ತಪ್ಪಲ್ಲ. ಆದರೆ ಎದೆ ಒತ್ತುವುದನ್ನು ಕಲಿಯೋಕೆ ಎಲ್ಲಾದರೂ ಅಂಥ ಕ್ಯೂ ನೋಡಿದ್ದೀರಾ? ಇದು ಓದಿ ಬರುವ ವಿದ್ಯೆಯಲ್ಲ, ಗೊಂಬೆಯ ಮೇಲೆ ಒತ್ತಿ ನೋಡಲೇಬೇಕು. ನಮ್ಮ ಬೀದಿಯ ಗಣೇಶೋತ್ಸವ ಸಮಿತಿಯವರ ಹತ್ತಿರ ಆರ್ಕೆಸ್ಟ್ರಾಗೆ ಮೊದಲು ಇದನ್ನು ಕಲಿಸೋಕೆ ಅರ್ಧ ಗಂಟೆ ಕೊಡಿ ಅಂತ ಕೇಳಿದ್ದೇನೆ. "ನೋಡೋಣ ಬಿಡಿ ಸಾರ್" ಅಂದಿದ್ದಾರೆ. ಗೊಂಬೆ ತಂದು ಕಲಿಸುವ ಡಾಕ್ಟರೋ ನರ್ಸೋ ನಿಮಗೆ ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ.