ಗುರ್ ಎಂದರೆ ಕಬ್ಬಿಣ, ಟಿಣ್ ಎಂದರೆ ಬೆಳ್ಳಿ

ಇಂಗ್ಲೆಂಡಿನ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಿ ಬರುವುದೇ ಒಂದು ಪವಾಡ. ಇವತ್ತು ಬಂದಿತ್ತು. ತಟ್ಟೆ ತೆಗೆದರೆ ಸ್ಟ್ಯಾಂಡಿನಲ್ಲಿ ಒಂದು ಕಡಿಮೆ. ಹುಡುಕಿದಾಗ ಗ್ಯಾರೇಜಿನಲ್ಲಿ ಸಿಕ್ಕಿತು, ತುಂಬಿದ ತಟ್ಟೆಯಾಗಿ! ಒಂದು ಗುಳಿಯಲ್ಲಿ ಹಿತ್ತಾಳೆ ಗುಂಡಿಗಳು, ಒಂದರಲ್ಲಿ ಹಳೇ ಬಂದೂಕಿನ ಸೀಸದ ಗುಂಡುಗಳು, ಇನ್ನೊಂದರಲ್ಲಿ ಏನೆಂದು ಬ್ರಹ್ಮನಿಗೂ ಗೊತ್ತಾಗದ ಹಸಿರು ಚೂರುಗಳು. "ತೂತು ಇದೆಯಲ್ಲ ಕಣೇ, ತೊಳೆದ ನೀರು ತಾನಾಗಿ ಬಸಿದುಹೋಗುತ್ತೆ" ಎಂದರು ನಮ್ಮವರು. ಸೀಸ ಕೂತೆದ್ದ ತಟ್ಟೆಯಲ್ಲಿ ಇನ್ನು ಯಾರಿಗೆ ಇಡ್ಲಿ ಬೇಯಿಸಲಿ? ಪಕ್ಕದಲ್ಲಿದ್ದ ಟೂತ್‌ಬ್ರಷ್ ಯಾರದ್ದೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಎಲ್ಲಕ್ಕೂ ಮೂಲ ಆ ಮೆಟಲ್ ಡಿಟೆಕ್ಟರ್, ನೆಲದಡಿಯ ಲೋಹವನ್ನು ಸದ್ದು ಮಾಡಿ ಹೇಳುವ ಯಂತ್ರ. ನನ್ನನ್ನು ನೋಡಲು ಬಂದ ದಿನ ಕಾಫಿ ಆರುವುದರೊಳಗೆ ಒಪ್ಪಿಗೆ ಕೊಟ್ಟ ಮನುಷ್ಯ, ಈ ಯಂತ್ರವನ್ನು ಒಪ್ಪಲು ಇಡೀ ಚಳಿಗಾಲ ತೆಗೆದುಕೊಂಡರು. ಊಟಕ್ಕೆ ಕೂತರೆ ಅದೇ ಮಾತು. ಕಾಯಿಲ್, ಅಂದರೆ ನೆಲದ ಮೇಲೆ ಆಡಿಸುವ ಅದರ ದುಂಡು ತಲೆ, ದೊಡ್ಡದಾದರೆ ಆಳಕ್ಕೆ ನೋಡುತ್ತದಂತೆ, ಆದರೆ ಮೊಳೆಗಳ ನಡುವೆ ಬಿದ್ದ ನಾಣ್ಯ ಅದಕ್ಕೆ ಬೇರೆಯಾಗಿ ಕಾಣದಂತೆ. ಚಿಕ್ಕದಕ್ಕೆ ಬೇರೆ ಮಾಡಿ ತೋರಿಸಲು ಬರುತ್ತದೆ, ಆಳ ಸಾಲದು. ಕಬ್ಬಿಣದ ಸದ್ದೇ ಬೇಡವೆಂದು ಬಾಯಿ ಮುಚ್ಚಿಸಬಹುದು. ಆಗ ಮೊಳೆಯ ಪಕ್ಕದಲ್ಲಿರುವ ಬೆಳ್ಳಿಯೂ ಬಾಯಿ ಮುಚ್ಚಿಕೊಂಡೀತು. ಕೊನೆಗೆ ಒಟ್ಟಿಗೆ ಹಲವು ಫ್ರೀಕ್ವೆನ್ಸಿಯಲ್ಲಿ ಹುಡುಕುವಂಥದ್ದೇ ಬೇಕೆಂದು ತಂದರು. ಬೆಲೆ ಇಲ್ಲಿ ಬರೆದರೆ ನನಗೇ ಹೊಟ್ಟೆ ಉರಿಯುತ್ತದೆ.

ಈಗ ವಾರವಾರ ಹೊಲ. ರೈತನ ಅಪ್ಪಣೆ ಇದೆ, ಬುತ್ತಿ ಹೊರಲು ನಾನಿದ್ದೇನೆ. ಉತ್ತ ಮಣ್ಣಿನ ಮೇಲೆ ಯಂತ್ರವನ್ನು ಅತ್ತಿತ್ತ ಆಡಿಸುತ್ತಾ ಹೋಗುವವರು ಇದ್ದಕ್ಕಿದ್ದಂತೆ ಎಡಗೈ ಎತ್ತುತ್ತಾರೆ. ಅಂದರೆ ನಾನು ಉಸಿರಾಡಬಾರದು. ಹೆಡ್‌ಫೋನ್ ಹಾಕಿಕೊಂಡವರು ಅವರು, ಮೌನ ಮಾತ್ರ ನನ್ನದು! "ಹದಿಮೂರು!" ಎಂದು ಪಿಸುಗುಟ್ಟುತ್ತಾರೆ. ಕೆಳಗಿರುವುದು ಯಾವ ಲೋಹವೆಂದು ಊಹಿಸಲು ಯಂತ್ರದ ಪರದೆಯಲ್ಲಿ ಬರುವ ಅಂಕಿ ಅದು. ಹದಿಮೂರೆಂದರೆ ಬಂಗಾರದ ಉಂಗುರವೂ ಇರಬಹುದು, ತಂಪು ಪಾನೀಯದ ಡಬ್ಬಿಯ ಮುಚ್ಚಳ ಎಳೆಯುವ ರಿಂಗೂ ಇರಬಹುದು; ಯಂತ್ರಕ್ಕೆ ಎರಡೂ ಒಂದೇ. ಮಂಡಿಯೂರುತ್ತಾರೆ. ಹುಲ್ಲುಹೆಂಟೆ ಎತ್ತುತ್ತಾರೆ. ಸೊಂಟದಲ್ಲಿ ಸಿಕ್ಕಿಸಿಕೊಂಡ ಕ್ಯಾರೆಟ್ ಗಾತ್ರದ ಇನ್ನೊಂದು ಯಂತ್ರ ಗುಂಡಿಗಿಳಿದು ಬಡಬಡಿಸುತ್ತದೆ. ಮಣ್ಣು ಒರೆಸುತ್ತಾರೆ, ಕನ್ನಡಕ ಏರಿಸುತ್ತಾರೆ, ಮುಖದಲ್ಲಿ ಮಂಗಳಾರತಿ ಹೊತ್ತಿನ ಕಳೆ. ರಿಂಗು. ಗುಂಡಿ ಮುಚ್ಚಿ, ತುಳಿದು, ನಾಲ್ಕು ಹೆಜ್ಜೆ ಹೋದರೆ ಮತ್ತೆ ಎಡಗೈ ಮೇಲೆ. "ಈ ಸಲ ಸದ್ದು ಬೇರೆ ಥರ ಇದೆ ಕಣೇ." ಸದ್ದು ಬೇರೆ ಇರಬಹುದು ರೀ, ರಿಂಗು ಅದೇ.

ಸಾಲದ್ದಕ್ಕೆ ನಾವಿರುವುದು ಸಫೊಕ್‌ನಲ್ಲಿ. ಇಲ್ಲೇ ಹಾಕ್ಸನ್ ಎಂಬ ಹಳ್ಳಿಯಲ್ಲಿ 1992ರಲ್ಲಿ ಎರಿಕ್ ಲಾವ್ಸ್ ಎಂಬವರು, ಗೆಳೆಯ ರೈತ ಕಳೆದುಕೊಂಡ ಸುತ್ತಿಗೆ ಹುಡುಕಲು ಹೋಗಿ ರೋಮನ್ನರ ಕಾಲದ ನಿಧಿಯನ್ನೇ ಕಂಡರು: 14,865 ನಾಣ್ಯ, ಜೊತೆಗೆ ಒಡವೆ, ಬೆಳ್ಳಿಯ ಚಮಚ. ಸುತ್ತಿಗೆಯೂ ಸಿಕ್ಕಿ ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು. ಈ ಕತೆ ಕೇಳಿದ ಮೇಲೆ ಗಂಡಸರಿಗೆ ಬುದ್ಧಿ ಹೇಳುವುದು ಹೇಗೆ? ಇಲ್ಲಿನ 1996ರ ಕಾನೂನಿನಂತೆ ನಿಧಿ ಸಿಕ್ಕರೆ 14 ದಿನದೊಳಗೆ ಕರೋನರ್‌ಗೆ ತಿಳಿಸಬೇಕು. ಅಸಹಜವಾಗಿ ಸತ್ತವರ ವಿಚಾರಣೆ ಮಾಡುವ ಅಧಿಕಾರಿಯೂ ಅವರೇ. ಇಡ್ಲಿ ತಟ್ಟೆಯ ಜಗಳ ಬೆಳೆದರೆ ಎರಡೂ ಕೆಲಸ ಒಂದೇ ಅರ್ಜಿಯಲ್ಲಿ ಮುಗಿಯುತ್ತದೆ.

ಹೋದ ವಾರ ಮಾತ್ರ ಹೊಲಿಯುವಾಗ ಬೆರಳಿಗೆ ಹಾಕುವ ಒಂದು ಅಂಗುಸ್ತಾನ ಸಿಕ್ಕಿತು, ಹಿತ್ತಾಳೆಯದು. ನನ್ನ ಬೆರಳಿಗೆ ಸರಿಯಾಗಿ ಕೂತಿತು. ಯಾವ ಕಾಲದ ಯಾವ ಹೆಂಗಸೋ, ಅದಕ್ಕಾಗಿ ಸೆರಗಿಲ್ಲದ ಗೌನು ಎತ್ತಿಕಟ್ಟಿ ಎಷ್ಟು ಹುಡುಕಿದ್ದಳೋ. ನಮ್ಮ ಅಜ್ಜಿಯ ಒಂದು ಬೆಂಡೋಲೆ ನಟ್ಟಿ ಗದ್ದೆಯಲ್ಲಿ ಬಿದ್ದುಹೋಗಿ, ಮನೆಮಂದಿಯೆಲ್ಲ ಕೆಸರು ಜಾಲಿಸಿದರೂ ಸಿಗದೆ, ಆಮೇಲೆ ಎಷ್ಟೋ ಕಾಲ ಅವಳು ಆ ಕಿವಿಗೆ ಹಂಚಿಕಡ್ಡಿ ಸಿಕ್ಕಿಸಿಕೊಂಡೇ ಇದ್ದಳಂತೆ.

ಇದನ್ನು ಹೇಳಿದ್ದೇ ತಡ, "ಮುಂದಿನ ಸಲ ಊರಿಗೆ ಯಂತ್ರ ಒಯ್ಯೋಣ" ಎಂದರು. ಗುಡಿ ಹಿಂದಿನ ಗದ್ದೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನೆಲ ಅಗೆಯುವವನನ್ನು ನಮ್ಮೂರಿನವರು ನಿಧಿಗಳ್ಳನೆಂದು ಕಂಬಕ್ಕೆ ಕಟ್ಟಿಯೇ ಮಾತಾಡಿಸುವುದು. ಮೇಲಾಗಿ ಅಲ್ಲೂ ಕಾನೂನಿದೆ, ನೆಲದಲ್ಲಿ ಹುದುಗಿಸಿಟ್ಟ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳ ಚಿಂತೆಯೇ ಬೇರೆ. "ಅಳಿಯಂದಿರ ಯಂತ್ರ ಬೋರ್‌ವೆಲ್‌ಗೆ ನೀರು ತೋರಿಸುತ್ತಾ ಕೇಳೇ."

ಇಲ್ಲಮ್ಮ, ಬರೀ ಲೋಹ ಅಂದೆ.

"ಮತ್ಯಾಕೆ ಅಷ್ಟು ದುಡ್ಡು ಸುರಿದ್ರು? ಇಲ್ಲಿ ತೆಂಗಿನಕಾಯಿ ಹಿಡ್ಕೊಂಡೇ ತೋರಿಸ್ತಾರೆ."