ಒಂದಕ್ಕೆ ಎರಡು ಗಂಟೆ

ನಮ್ಮ ಕಡೆ ಖಾಸಗಿ ಬಸ್ಸು ಅಂದರೆ ಸರ್ಕಾರಿ ಬಸ್ಸಿಗಿಂತ ಜಾಸ್ತಿ ಜನ ತುಂಬಿದ ಬಸ್ಸು. ಹಾಗಾಗಿ ಅಣ್ಣನ ಮಗ ಫೋನ್ ಮಾಡಿ, ‘ಚಿಕ್ಕಪ್ಪ, ಬ್ರಸೆಲ್ಸ್‌ನಲ್ಲಿ ನಿಮಗೂ ಚಿಕ್ಕಮ್ಮನಿಗೂ ಒಂದು ಪ್ರೈವೇಟ್ ವಾಕಿಂಗ್ ಟೂರ್ ಬುಕ್ ಮಾಡಿದೀನಿ, ಬರೀ ಎರಡು ಗಂಟೆ’ ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಕಲಾಸಿಪಾಳ್ಯ.

ರೇಟು ಕೇಳಿದೆ. ಹೇಳಿದ. ಯೂರೋವನ್ನು ರೂಪಾಯಿಗೆ ತಿರುಗಿಸಬಾರದು ಅಂತ ವಿಮಾನ ಹತ್ತುವ ಮೊದಲೇ ಶಪಥ ಮಾಡಿದ್ದೆ. ತಿರುಗಿಸಿದೆ. ಆ ದುಡ್ಡಿಗೆ ಮೈಸೂರಿನ ಅರಮನೆ ಮುಂದಿನ ಟಾಂಗಾದವನು ನನ್ನನ್ನು ದಸರಾದಿಂದ ದೀಪಾವಳಿವರೆಗೂ ಸುತ್ತಿಸುತ್ತಿದ್ದ. ಇಲ್ಲಿ ನಡೆಯುವುದೂ ನಾವೇ, ದುಡ್ಡು ಕೊಡುವುದೂ ನಾವೇ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ಅರ್ಧ ಗಂಟೆ ನಡೆಯಿರಿ ಅಂತ ಡಾಕ್ಟರು ಹೇಳಿದರೆ ನೆಪ ಹುಡುಕುವವನು ನಾನು.

ಬೆಳಿಗ್ಗೆ ಹೋಟೆಲಿನಲ್ಲಿ ತಿಂಡಿ ಫ್ರೀ. ಕಾಫಿ ಎಷ್ಟು ಬೇಕಾದರೂ ಫ್ರೀ. ಫ್ರೀ ಅಂದಮೇಲೆ ನಮ್ಮನೆಯವಳು ಮೂರು ಕಪ್ ಕುಡಿದಳು. ನಾನು ಎರಡು. ತಪ್ಪು ಆಗಿದ್ದು ಅಲ್ಲೇ.

ಹತ್ತು ಗಂಟೆಗೆ ಗ್ರಾಂ ಪ್ಲಾಸ್ ಅನ್ನುವ ಚೌಕದಲ್ಲಿ ನಮ್ಮ ಖಾಸಗಿ ಗೈಡ್ ಹಸಿರು ಛತ್ರಿ ಹಿಡಿದು ನಿಂತಿದ್ದರು. ಅವರ ಪಕ್ಕ ಕೆಂಪು ಛತ್ರಿ, ಅದರಾಚೆ ಹಳದಿ, ಇನ್ನೂ ಆಚೆ ಕೋಲಿನ ತುದಿಗೆ ಕಟ್ಟಿದ ಬಾತುಕೋಳಿ ಗೊಂಬೆ. ಮಳೆ ಇರಲಿಲ್ಲ. ಛತ್ರಿಗೊಂದು ಹಿಂಡು. ನಮ್ಮ ಹಿಂಡಿನಲ್ಲಿ ನಾವಿಬ್ಬರೇ, ಅದಕ್ಕೇ ಅದು ಖಾಸಗಿ. ಉಳಿದಂತೆ ಎಲ್ಲ ಛತ್ರಿಗಳೂ ಒಂದೇ ಜಾಗದಲ್ಲಿ ನಿಂತು, ಒಂದೇ ಗೋಪುರಕ್ಕೆ ಬೊಟ್ಟು ಮಾಡಿ, ಒಂದೇ ಕಥೆ ಹೇಳುತ್ತಿದ್ದವು. ಬಿಟ್ಟಿ ಟೂರಿನವರ ಕಥೆ ನಮಗೆ ಕೇಳಿಸುತ್ತಿತ್ತು. ನಾವು ದುಡ್ಡು ಕೊಟ್ಟ ಕಥೆ ಅವರಿಗೂ ಬಿಟ್ಟಿಯಾಗಿ ಕೇಳಿಸುತ್ತಿತ್ತು.

ಕಥೆ ಪುರಭವನದ್ದು. 96 ಮೀಟರ್ ಎತ್ತರದ ಗೋಪುರ, ಆದರೆ ಕಟ್ಟಡದ ನಡುಮಧ್ಯೆ ಇಲ್ಲ. ಎಡಗಡೆ ಉದ್ದ, ಬಲಗಡೆ ಗಿಡ್ಡ. ಕಟ್ಟಿ ಮುಗಿಸಿದ ಮೇಲೆ ಶಿಲ್ಪಿಗೆ ಇದು ಕಣ್ಣಿಗೆ ಬಿತ್ತಂತೆ, ಅವಮಾನ ತಾಳಲಾರದೆ ಗೋಪುರದ ತುದಿಯಿಂದಲೇ ಹಾರಿಕೊಂಡನಂತೆ. ನಾವು ‘ಅಯ್ಯೋ ಪಾಪ’ ಅನ್ನುವಷ್ಟರಲ್ಲಿ ಗೈಡ್, ‘ಇದು ಸುಳ್ಳು ಕಥೆ ಸರ್’ ಅಂದರು. ಎಡಭಾಗ 1402ರಲ್ಲಿ ಶುರುವಾದದ್ದು, ಬಲಭಾಗ ಎಷ್ಟೋ ವರ್ಷದ ಮೇಲೆ ಸೇರಿಸಿದ್ದು, ಅಷ್ಟೇ. ಮತ್ಯಾಕೆ ಹೇಳಿದಿರಿ ಅಂದೆ. ‘ಹೇಳದಿದ್ದರೆ ಜನ ಬೇಜಾರು ಮಾಡ್ಕೋತಾರೆ.’ ಬೇಲೂರಿನಲ್ಲಿ ಕಲ್ಲೊಳಗಿನ ಕಪ್ಪೆಯ ಕಥೆ ಕೇಳಿ ತಲೆದೂಗಿದವನು ನಾನು. ಸುಮ್ಮನಾದೆ.

1695ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಸೈನ್ಯ ಈ ಊರಿನ ಮೇಲೆ ತೋಪು ಹಾರಿಸಿತು. ಗುರಿ ಇಟ್ಟದ್ದು ಇದೇ ಗೋಪುರಕ್ಕೆ. ಸುತ್ತಲಿನ ಸಾವಿರಾರು ಮನೆ ಸುಟ್ಟು ಬೂದಿಯಾದವು, ಗೋಪುರ ಮಾತ್ರ ನಿಂತೇ ಇತ್ತು. ನಮ್ಮ ಪಾಲಿಕೆಯ ಒತ್ತುವರಿ ತೆರವು ಕಾರ್ಯಾಚರಣೆ ಹೀಗೇ ಅಲ್ವಾ ಅಂತ ಹೇಳೋಣ ಅಂತ ಪಕ್ಕಕ್ಕೆ ತಿರುಗಿದೆ. ನಮ್ಮನೆಯವಳು ಕಿರುಬೆರಳು ಎತ್ತಿ ತೋರಿಸಿದಳು.

ಎರಡನೇ ಕ್ಲಾಸಿನಲ್ಲಿ ಮೇಷ್ಟ್ರ ಮುಂದೆ ಎತ್ತಿದ ಬೆರಳು ಅದು. ಒಂದಕ್ಕೆ. ಬೆಲ್ಜಿಯಂನ ರಾಜಧಾನಿಯ ನಡುಮಧ್ಯೆ, ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಚೌಕದಲ್ಲಿ.

ನಾನು ಗೈಡ್‌ಗೆ ಹೇಳಿದೆ. ಅವರು ಗಡಿಯಾರ ನೋಡಿಕೊಂಡರು. ‘ಆಮೇಲೆ ನೋಡೋಣ ಮೇಡಂ, ಈಗ ರಾಜನ ಮನೆ.’

ರಾಜನ ಮನೆ ಅಂದರೆ ಅದು ಫ್ರೆಂಚಿನ ಹೆಸರು. ಆ ಊರಿನಲ್ಲಿ ಫ್ರೆಂಚ್, ಡಚ್ ಎರಡೂ ಆಡಳಿತ ಭಾಷೆ. ಬೀದಿಗೂ ಎರಡು ಹೆಸರು, ಮೆಟ್ರೋ ಸ್ಟೇಷನ್ನಿಗೂ ಎರಡು. ಈ ಕಟ್ಟಡಕ್ಕೆ ಫ್ರೆಂಚಿನಲ್ಲಿ ರಾಜನ ಮನೆ, ಡಚ್ಚಿನಲ್ಲಿ ಬ್ರೆಡ್ಡಿನ ಮನೆ. ಅಲ್ಲಿ ರಾಜ ಯಾವತ್ತೂ ವಾಸ ಮಾಡಿಲ್ಲ. ಈಗ ಬ್ರೆಡ್ಡೂ ಸಿಗುವುದಿಲ್ಲ. ಹಾಗಾದರೆ ಒಳಗೆ ಏನಿದೆ? ನಗರದ ಮ್ಯೂಸಿಯಂ. ಅದರಲ್ಲಿ ಅತಿ ಮುಖ್ಯವಾದದ್ದು ಏನು? ಒಂದಕ್ಕೆ ನಿಂತ ಒಬ್ಬ ಹುಡುಗ.

‘ಅವನಿಗೆ ಜಾಗ ಸಿಕ್ಕಿದೆಯಲ್ರೀ’ ಅಂದಳು ನಮ್ಮನೆಯವಳು.

ಚೌಕದಿಂದ ಹೊರಬರುವ ಗಲ್ಲಿಯಲ್ಲಿ ಎವೆರಾರ್ಡ್ ಸೆರ್‌ಕ್ಲಾಸ್ ಎಂಬ ವೀರ ಗೋಡೆಯಲ್ಲಿ ಮಲಗಿದ್ದಾನೆ. 1356ರಲ್ಲಿ ಊರನ್ನು ಶತ್ರುಗಳಿಂದ ಬಿಡಿಸಿದವನು. 1388ರಲ್ಲಿ ಹೊಂಚು ಹಾಕಿದವರು ಅವನ ನಾಲಿಗೆ, ಪಾದ ಕತ್ತರಿಸಿ ಹೋದರು, ಅದರಿಂದಲೇ ಸತ್ತ. ಇಷ್ಟು ನತದೃಷ್ಟನಾದ ಮನುಷ್ಯನ ಕೈ ಉಜ್ಜಿದರೆ ಅದೃಷ್ಟ ಬರುತ್ತದಂತೆ! ಜನ ಉಜ್ಜಿ ಉಜ್ಜಿ ಅವನ ತೋಳು ಪಿತಾಂಬರಿ ಹಾಕಿ ತಿಕ್ಕಿದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಕೆಳಗೆ ಕೆತ್ತಿದ ನಾಯಿಯ ಮೂತಿಯನ್ನೂ ಬಿಟ್ಟಿರಲಿಲ್ಲ. ನಮ್ಮ ಮುಂದೆ ಕೆಂಪು ಛತ್ರಿಯ ಹಿಂಡು ಸಾಲಾಗಿ ನಿಂತಿತ್ತು. ಸರದಿ ಬಂದಾಗ ನಮ್ಮನೆಯವಳು ಕಣ್ಣು ಮುಚ್ಚಿ ಉಜ್ಜಿದಳು. ಏನು ಬೇಡಿಕೊಂಡೆ ಅಂತ ನಾನು ಕೇಳಲಿಲ್ಲ. ಗೊತ್ತಿತ್ತು.

ಅಲ್ಲಿಂದ ಮೂರು ನಿಮಿಷ ನಡೆದರೆ ಮನ್ನೆಕೆನ್ ಪಿಸ್. ಇವನೇ ಆ ಹುಡುಗ. ಎತ್ತರ 55.5 ಸೆಂಟಿಮೀಟರ್. ಅಂದರೆ ನಮ್ಮನೆಯ ಪ್ರೆಶರ್ ಕುಕ್ಕರಿನ ಮೇಲೆ ಇನ್ನೊಂದು ಕುಕ್ಕರ್ ಇಟ್ಟಷ್ಟು. ನೋಡುವುದಕ್ಕೆ ನಿಂತ ಜನ ಇನ್ನೂರರ ಮೇಲೆ ಇದ್ದರು. ನಾನು ಮೊದಲು ನೋಡಿದ್ದು ಅವನನ್ನಲ್ಲ, ಅವನನ್ನು ತೋರಿಸುತ್ತಿದ್ದ ನಲವತ್ತು ಮೊಬೈಲ್ ಪರದೆಗಳನ್ನು. ಪರದೆಯಲ್ಲಿ ದೊಡ್ಡದಾಗಿ ಕಾಣುತ್ತಾನೆ. ಪಕ್ಕದ ಅಂಗಡಿಯಲ್ಲಿ ಚಾಕಲೇಟಿನಲ್ಲಿ ಮಾಡಿಟ್ಟವನು ಇವನಿಗಿಂತ ಎತ್ತರ ಇದ್ದ.

1619ರಲ್ಲಿ ಹಿರಿಯ ಜೆರೋಮ್ ಡುಕೆನ್ವಾ ಎರಕ ಹೊಯ್ದ ಕಂಚಿನ ಹುಡುಗ. ಆದರೆ ಬೀದಿಯಲ್ಲಿ ನಿಂತಿರುವವನು ಅವನಲ್ಲ, 1965ರಿಂದ ಇಲ್ಲಿರುವುದು ನಕಲು. ಅಸಲಿ ಆ ರಾಜನಿಲ್ಲದ ರಾಜನ ಮನೆಯೊಳಗಿದ್ದಾನೆ. ನಮಗೆ ಇದು ಅರ್ಥವಾಗುವುದಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ. ಮೂಲ ವಿಗ್ರಹ ಒಳಗೆ, ಉತ್ಸವ ಮೂರ್ತಿ ಹೊರಗೆ. ಅಲಂಕಾರವೂ ಉಂಟು. ಬಟ್ಟೆ ಹಾಕದವನು ಅಂತಲೇ ಹೆಸರಾದ ಈ ಹುಡುಗನಿಗೆ ಸಾವಿರಕ್ಕೂ ಜಾಸ್ತಿ ಜೊತೆ ಬಟ್ಟೆ ಇದೆ. 1698ರಲ್ಲಿ ಮೊದಲ ಜೊತೆ ಕೊಟ್ಟವನು ಬವೇರಿಯಾದ ದೊರೆ. 1747ರಲ್ಲಿ ಫ್ರೆಂಚ್ ಸೈನಿಕರು ಇವನನ್ನು ಕದ್ದು ಊರು ದಂಗೆ ಎದ್ದಾಗ, ಹದಿನೈದನೇ ಲೂಯಿ ಸಮಾಧಾನಕ್ಕೆ ಜರಿ ಬಟ್ಟೆ ಕೊಟ್ಟು ಪದಕವನ್ನೂ ತೊಡಿಸಿದ. ಬಟ್ಟೆಗೇ ಒಂದು ಮ್ಯೂಸಿಯಂ ಇದೆ. ಬಟ್ಟೆ ತೊಡಿಸುವುದಕ್ಕೆ ನಗರದ ಕಡೆಯಿಂದ ಒಬ್ಬರು ನೇಮಕ. ಯಾರು ಬಟ್ಟೆ ಕೊಡಬಹುದು, ಯಾರು ಕೊಡಬಾರದು ಅಂತ ನೋಡುವುದಕ್ಕೆ ಸಮಿತಿ. ವಿಶೇಷ ದಿನಗಳಲ್ಲಿ ವಾದ್ಯದವರು ಬರುತ್ತಾರೆ. ಒಮ್ಮೊಮ್ಮೆ ಕೊಳವೆಗೆ ಬಿಯರ್ ಪೀಪಾಯಿ ಜೋಡಿಸಿ, ಹುಡುಗನಿಂದ ಬಂದದ್ದನ್ನು ಲೋಟದಲ್ಲಿ ಹಿಡಿದು ನೆರೆದವರಿಗೆ ಕೊಡುತ್ತಾರೆ. ತೀರ್ಥ.

ಇನ್ನೊಂದು ಸಂಗತಿಯನ್ನು ಗೈಡ್ ಹೆಮ್ಮೆಯಿಂದಲೋ ನಾಚಿಕೆಯಿಂದಲೋ ಹೇಳಿದರು. ಇವನ ನೀರು ಸುತ್ತಿ ಸುತ್ತಿ ಅದೇ ನೀರು ಅಂತ ಎಲ್ಲರೂ ನಂಬಿದ್ದರು. ಮೀಟರ್ ಹಾಕಿ ನೋಡಿದರೆ ದಿನಕ್ಕೆ 1,500ರಿಂದ 2,500 ಲೀಟರ್ ಕುಡಿಯುವ ನೀರು ಸೀದಾ ಮೋರಿಗೆ ಹೋಗುತ್ತಿತ್ತು. 2019ರಲ್ಲಿ ಇದು ದೊಡ್ಡ ಸುದ್ದಿಯಾಯಿತು, ಈಗ ಸರಿ ಮಾಡಿದ್ದಾರೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ತಂಗಿ ಮನೆಯಲ್ಲಿ ಟ್ಯಾಂಕರಿಗೆ ಕಾದು ಅರ್ಧ ಬಕೆಟ್‌ನಲ್ಲಿ ಸ್ನಾನ ಮಾಡಿ ಬಂದವನು ನಾನು. ಆ ಹುಡುಗನನ್ನು ನೋಡಿದೆ. ಅವನಿಗೇನೂ ಅನ್ನಿಸಿದಂತೆ ಕಾಣಲಿಲ್ಲ. ಬಿಡದೆ ಹೊಯ್ಯುತ್ತಿದ್ದ.

ನೀರಿನ ಸದ್ದು. ಮೂರು ಕಪ್ ಕಾಫಿ ಕುಡಿದವರ ಪಕ್ಕದಲ್ಲಿ ಆ ಸದ್ದು ಕೇಳಿಸಬಾರದು. ‘ರೀ, ನಡೀರಿ ಇಲ್ಲಿಂದ’ ಅಂದಳು.

ದಾರಿಯಲ್ಲಿ ಗೈಡ್ ರಾಜಕೀಯ ಶುರು ಮಾಡಿದರು. 2010ರ ಜೂನ್‌ನಲ್ಲಿ ಚುನಾವಣೆ ಆಯಿತು, ಪಕ್ಷಗಳು ಒಪ್ಪಂದಕ್ಕೆ ಬರಲಿಲ್ಲ, ದೇಶ 541 ದಿನ ಹೊಸ ಸರ್ಕಾರವಿಲ್ಲದೆ ಇತ್ತು ಅಂದರು.

ನಮ್ಮನೆಯವಳು ಅಲ್ಲೇ ನಿಂತಳು. ‘541 ದಿನ ತಡ್ಕೊಂಡ್ರಾ?’

ತಡೆದುಕೊಂಡರು. ಮಧ್ಯೆ, ಸರ್ಕಾರ ರಚಿಸಲು ತಡ ಮಾಡಿದ ಇರಾಕಿನ ದಾಖಲೆ ಮುರಿದ ಖುಷಿಗೆ ಜನ ಬೀದಿಯಲ್ಲಿ ಆಲೂಗಡ್ಡೆ ಫ್ರೈಸ್ ಹಂಚಿದರಂತೆ. ಗೆಂಟ್ ಎಂಬ ಊರಿನಲ್ಲಿ ಆ ಹೊತ್ತಿಗೆ ಆಗಿದ್ದ 249 ದಿನಕ್ಕೆ ಲೆಕ್ಕವಾಗಿ 249 ಮಂದಿ ಚಡ್ಡಿ ಮೇಲೆ ನಿಂತರಂತೆ. ರೆಸಾರ್ಟು ಇಲ್ಲ, ಬಸ್ಸು ಇಲ್ಲ, ಮಧ್ಯರಾತ್ರಿ ರಾಜೀನಾಮೆ ಇಲ್ಲ. ನಮ್ಮವರಾಗಿದ್ದರೆ 541 ದಿನದಲ್ಲಿ ನಾಲ್ಕು ಸರ್ಕಾರ ನೋಡುತ್ತಿದ್ದೆವು.

ಇದೇ ಊರಿನಲ್ಲಿ ಯುರೋಪಿನ ಪಾರ್ಲಿಮೆಂಟೂ ಇದೆ. ಪೂರಾ ಇಲ್ಲ. ವರ್ಷಕ್ಕೆ ಹನ್ನೆರಡು ಸಲ ಸದಸ್ಯರು, ನೌಕರರು, ಪೆಟ್ಟಿಗೆ, ಕಡತ ಎಲ್ಲ ಕಟ್ಟಿಕೊಂಡು ನಾಲ್ಕು ನೂರು ಕಿಲೋಮೀಟರ್ ಆಚೆಯ ಸ್ಟ್ರಾಸ್‌ಬರ್ಗ್‌ಗೆ ಹೋಗಿ, ನಾಲ್ಕು ದಿನ ಕೂತು, ವಾಪಸ್ ಬರುತ್ತಾರೆ. ಇದನ್ನು ಬಿಟ್ಟರೆ ವರ್ಷಕ್ಕೆ 11 ಕೋಟಿ 40 ಲಕ್ಷ ಯೂರೋ ಉಳಿಯುತ್ತದೆ ಅಂತ ಅವರದೇ ಲೆಕ್ಕ ಪರಿಶೋಧಕರು 2014ರಲ್ಲಿ ಹೇಳಿದ್ದಾರೆ. ಬಿಡುವುದಕ್ಕೆ ಆಗುವುದಿಲ್ಲ, ಎಲ್ಲ ದೇಶವೂ ಒಪ್ಪಬೇಕು, ಫ್ರಾನ್ಸ್ ಒಪ್ಪುವುದಿಲ್ಲ. ‘ನಮ್ಮಲ್ಲೂ ಇದೆ, ಬೆಳಗಾವಿ’ ಅಂತ ನಾನು ಹೆಮ್ಮೆಯಿಂದ ಶುರು ಮಾಡಿದೆ. ‘ಅವರಿಗೆ ಕೂರೋಕೆ ಎರಡೆರಡು ಜಾಗ ಇದೆ, ನನಗೆ ಒಂದೂ ಇಲ್ಲ’ ಅಂತ ನಮ್ಮನೆಯವಳು ಮಾತು ಮುಗಿಸಿದಳು.

ಮುಂದಿನ ನಿಲ್ದಾಣಕ್ಕೆ ಬಂದಾಗ ಅವಳ ಮುಖದಲ್ಲಿ ಒಂದು ಆಸೆ ಕಾಣಿಸಿತು. ಕಿರಿದಾದ ಗಲ್ಲಿ, ಕೊನೆಯಲ್ಲಿ ಕಬ್ಬಿಣದ ಸರಳು, ಒಳಗಿನಿಂದ ನೀರಿನ ಸದ್ದು. ಇದೇ ಇರಬೇಕು ಅಂತ ಹೆಜ್ಜೆ ಜೋರು ಮಾಡಿದಳು. ಸರಳಿನ ಹಿಂದೆ ಕೂತಿದ್ದದ್ದು ಇನ್ನೊಂದು ಮೂರ್ತಿ. ಜಾನೆಕೆ ಪಿಸ್. ಹುಡುಗಿ. ಎರಡು ಜಡೆ, ಕುಕ್ಕರಗಾಲು. 1987ರಲ್ಲಿ ಸಮಾನತೆಗಾಗಿ ಕೂರಿಸಿದ್ದಂತೆ. ಹುಡುಗ ಬೀದಿ ಮೂಲೆಯಲ್ಲಿ ಪದಕ ಹಾಕಿಕೊಂಡು ನಿಂತಿದ್ದಾನೆ, ಹುಡುಗಿ ಗಲ್ಲಿ ಕೊನೆಯಲ್ಲಿ ಸರಳಿನ ಹಿಂದೆ. ಬಟ್ಟೆ ಇಲ್ಲ, ಸಮಿತಿ ಇಲ್ಲ, ವಾದ್ಯವೂ ಇಲ್ಲ. ನಮ್ಮನೆಯವಳು ಸರಳು ಹಿಡಿದುಕೊಂಡು ಅವಳನ್ನೇ ನೋಡಿದಳು. ಅಷ್ಟು ಹೊಟ್ಟೆಕಿಚ್ಚಿನಿಂದ ಒಂದು ಶಿಲ್ಪವನ್ನು ನೋಡಿದವರು ಇನ್ನೊಬ್ಬರು ಇರಲಾರರು.

‘ನಾಯಿಯೂ ಇದೆ ಮೇಡಂ’ ಅಂದರು ಗೈಡ್.

ನಿಜಕ್ಕೂ ಇದೆ. ಝಿನೆಕೆ ಪಿಸ್, 1998ರದ್ದು. ಫುಟ್‌ಪಾತಿನ ಕಂಬಕ್ಕೆ ಕಾಲೆತ್ತಿ ನಿಂತ ಕಂಚಿನ ನಾಯಿ. ಅದಕ್ಕೆ ನೀರಿನ ಸಂಪರ್ಕ ಕೊಟ್ಟಿಲ್ಲ. ‘ಪಾಪ, ಅದಕ್ಕೂ ಬರ್ತಿಲ್ಲ’ ಅಂದಳು. ಆ ಹೊತ್ತಿಗೆ ಅವಳು ಇಡೀ ಬ್ರಸೆಲ್ಸನ್ನು ಎರಡು ಭಾಗ ಮಾಡಿ ನೋಡುತ್ತಿದ್ದಳು. ಆದವರು, ಆಗದವರು.

ಇನ್ನು ಹತ್ತು ನಿಮಿಷ ಬಾಕಿ. ಗೈಡ್ ಫೋನಿನಲ್ಲಿ ನ್ಯಾಯಾಲಯದ ಅರಮನೆಯ ಫೋಟೋ ತೋರಿಸಿದರು. ನಮ್ಮ ಪ್ಯಾಕೇಜಿನಲ್ಲಿ ಫೋಟೋ ಮಾತ್ರ. ಪೂಲಾರ್ಟ್ ಎಂಬುವರು ವಿನ್ಯಾಸ ಮಾಡಿದ್ದು, 1883ರಲ್ಲಿ ಮುಗಿಯಿತು. ಅದಕ್ಕಾಗಿ ಮನೆ ಕಳೆದುಕೊಂಡ ಬಡವರು ‘ಆರ್ಕಿಟೆಕ್ಟ್’ ಅನ್ನುವ ಪದವನ್ನೇ ಬೈಗುಳ ಮಾಡಿಕೊಂಡರು. 1980ರ ದಶಕದಲ್ಲಿ ರಿಪೇರಿಗೆ ಸಾರುವೆ ಕಟ್ಟಿದರು. ರಿಪೇರಿ ಎಷ್ಟು ತಡವಾಯಿತೆಂದರೆ ಕೊನೆಗೆ ಸಾರುವೆಗೇ ರಿಪೇರಿ ಬಂತು. ಇದೊಂದನ್ನು ಕಣ್ಣಾರೆ ನೋಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅದೇ ಪೂಲಾರ್ಟ್ ಕಟ್ಟಿಸಿದ ಸೇಂಟ್ ಕ್ಯಾಥರೀನ್ ಚರ್ಚಿನ ಹತ್ತಿರವೇ ನಾವಿದ್ದೆವು. ಚರ್ಚಿನ ಹೊರಗೋಡೆಯ ಸಂದಿಯಲ್ಲಿ, ಎರಡು ಕಲ್ಲಿನ ಕಂಬಗಳ ನಡುವೆ ಒಂದು ಸಾರ್ವಜನಿಕ ಮೂತ್ರಿ. ತಮಾಷೆಯಲ್ಲ. ನಮ್ಮಲ್ಲಿ ಗೋಡೆ ಉಳಿಸಿಕೊಳ್ಳಲು ಸಾಲಾಗಿ ದೇವರ ಟೈಲ್ಸ್ ಅಂಟಿಸುತ್ತೇವೆ, ಶಿವ, ಏಸು, ಮೆಕ್ಕಾ ಮೂರೂ. ಇಲ್ಲಿ ದೇವರ ಗೋಡೆಯನ್ನೇ ಬಿಟ್ಟುಕೊಟ್ಟಿದ್ದಾರೆ. ಉಚಿತ. ಬಾಗಿಲಿಲ್ಲ. ಗಂಡಸರಿಗೆ ಮಾತ್ರ.

ನಾನು ಹೋಗಿ ಬಂದೆ. ಹೋಗಬಾರದಿತ್ತು. ವಾಪಸ್ ಬಂದಾಗ ನಮ್ಮನೆಯವಳು ನನ್ನನ್ನು ನೋಡಿದ ನೋಟ ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ನೋಡಿದ್ದು. ಅವಳ ತಮ್ಮನ ಮದುವೆಯ ದಿನ ನಾನು ಪಂಚೆಯಲ್ಲೇ ಕ್ರಿಕೆಟ್ ನೋಡುತ್ತಾ ಕೂತಿದ್ದಾಗ.

ಕೊನೆಗೆ ಒಂದು ಕೆಫೆಯ ನೆಲಮಾಳಿಗೆಗೆ ಇಳಿದೆವು. ಮೆಟ್ಟಿಲ ಕೆಳಗೆ ಮೇಜು, ಮೇಜಿನ ಮೇಲೆ ಬಿಳಿ ಸಾಸರು, ಸಾಸರಿನ ಹಿಂದೆ ಸ್ವೆಟರ್ ಹೆಣೆಯುತ್ತಾ ಕೂತ ಒಬ್ಬ ಹಿರಿಯ ಹೆಂಗಸು. ಇಂಥವರಿಗೆ ಅಲ್ಲಿ ಮದಾಂ ಪಿಪಿ ಅನ್ನುತ್ತಾರೆ. ಆಕೆ ಒಂದು ಬೆರಳು ಎತ್ತಿ ತೋರಿಸಿದರು. ಒಂದಕ್ಕೆ ಒಂದು ಯೂರೋ. ಚಿಲ್ಲರೆ ಬೇಕು. ನನ್ನ ಹತ್ತಿರ ಐವತ್ತರ ನೋಟು. ಕಾರ್ಡ್ ತೋರಿಸಿದೆ, ನಕ್ಕರು. ನಾನು ಮೇಲೆ ಓಡಿ ಗೈಡ್ ಹತ್ತಿರ ಒಂದು ಯೂರೋ ಕೈಗಡ ಇಸಿದುಕೊಂಡು ಬಂದೆ. ಆ ಖಾಸಗಿ ಟೂರಿನಲ್ಲಿ ಖಾಸಗಿಯಾಗಿ ನಡೆದದ್ದು ಇದೊಂದೇ.

ಐದು ನಿಮಿಷದ ಮೇಲೆ ನಮ್ಮನೆಯವಳು ಮೆಟ್ಟಿಲು ಹತ್ತಿ ಬಂದಳು. ಕಾಶಿಗೆ ಹೋಗಿ ಬಂದವರ ಮುಖ. ‘ಏನು ಕ್ಲೀನು ಅಂತೀರಿ! ಕೊಳಾಯಿ ಹತ್ರ ಪುಟ್ಟ ಹೂವಿನ ಕುಂಡ ಇಟ್ಟಿದಾರೆ. ಟವೆಲ್ ಮಡಚಿಟ್ಟಿದ್ದು ನೋಡ್ಬೇಕಿತ್ತು, ನಮ್ಮತ್ತೆ ಮಡಚೋ ಹಾಗೇ.’

ರಾತ್ರಿ ಅಣ್ಣನ ಮಗ ಫೋನ್ ಮಾಡಿದ. ಟೂರಿನವರು ಅಭಿಪ್ರಾಯ ಕೇಳಿ ಫಾರಂ ಕಳಿಸಿದ್ದಾರೆ, ನಾನೇ ತುಂಬುತ್ತೀನಿ, ಹೇಳಿ ಅಂದ. ಸ್ಪೀಕರ್ ಹಾಕಿದೆ.

‘ಚಿಕ್ಕಮ್ಮ, ನಿಮಗೆ ಯಾವ ಜಾಗ ಜಾಸ್ತಿ ಇಷ್ಟ ಆಯ್ತು? ಒಂದು, ಪುರಭವನ. ಎರಡು, ರಾಜನ ಮನೆ. ಮೂರು, ಮನ್ನೆಕೆನ್ ಪಿಸ್. ನಾಲ್ಕು, ಜಾನೆಕೆ ಪಿಸ್. ಐದು, ಝಿನೆಕೆ ಪಿಸ್. ಆರು, ಇತರೆ.’

‘ಇತರೆ’ ಅಂದಳು ನಮ್ಮನೆಯವಳು. ‘ಐದು ಸ್ಟಾರ್ ಹಾಕು.’