ಸಾಹುಕಾರರ 1,160 ಸಂಡಾಸು

ಬೆಳಿಗ್ಗೆ ಬೆಣ್ಣೆ ದೋಸೆಗೆ ಕಾಯುತ್ತಾ ಮೊಬೈಲ್ ನೋಡುತ್ತಿದ್ದೆ. ಮತ್ತೆ ಅದೇ ಸುದ್ದಿ. ಅದೇ ರೀ, ಮೈಕ್ರೋಸಾಫ್ಟ್‌ನ ಹಳೇ ಬಾಸ್ ಸ್ಟೀವ್ ಬಾಲ್ಮರ್ ಸಾಹುಕಾರರು ತಮ್ಮ ಬಾಸ್ಕೆಟ್‌ಬಾಲ್ ತಂಡಕ್ಕೆ ಕಟ್ಟಿಸಿದ ಸ್ಟೇಡಿಯಂ. ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ 2024ರಲ್ಲಿ ಬಾಗಿಲು ತೆರೆಯಿತು. ಖರ್ಚು 200 ಕೋಟಿ ಡಾಲರ್ ಮೇಲೆ. ಕೂರುವವರು 18 ಸಾವಿರ. ನಿಲ್ಲುವುದು, ಕೂರುವುದು ಎಲ್ಲ ಸೇರಿ ಸಂಡಾಸು 1,160.

ಮೊಬೈಲ್ ಕೆಳಗಿಟ್ಟು ಬೆರಳಲ್ಲೇ ಭಾಗಿಸಿದೆ. ಹದಿನೈದು-ಹದಿನಾರು ಜನಕ್ಕೆ ಒಂದು! ನಮ್ಮನೆ ಮದುವೆಯಲ್ಲಿ ನಲವತ್ತು ಜನಕ್ಕೆ ಒಂದಿತ್ತು. ಅದಕ್ಕೂ ಚಿಲಕ ಇರಲಿಲ್ಲ. ಒಳಗೆ ಹೋದವರು ಹಾಡು ಹೇಳುತ್ತಾ ಕೂರಬೇಕಿತ್ತು. ನಮ್ಮ ಚಿಕ್ಕಪ್ಪನಿಗೆ ಭಾವಗೀತೆ ಬಾಯಿಗೆ ಬಂದಿದ್ದೇ ಹಾಗೆ.

ಸಾಹುಕಾರರ ಲೆಕ್ಕ ಸರಳ. ಜನ ಕ್ಯೂನಲ್ಲಿ ನಿಂತರೆ ಆಟ ತಪ್ಪುತ್ತೆ. ಬೇಗ ಮುಗಿಸಿ ಬಂದು ಸೀಟಲ್ಲಿ ಕೂತು ಕೂಗಬೇಕು. ಈ ವಿಷಯ ಎತ್ತಿದರೆ ಸಾಕು, ಮೈಮೇಲೆ ದೇವರು ಬಂದವರ ಹಾಗೆ ಮಾತಾಡುತ್ತಾರೆ.

ಪುಣ್ಯಾತ್ಮರ ಜೀವನವೂ ಹಾಗೇ ಇದೆ. 1980ರಲ್ಲಿ ಓದು ಅರ್ಧಕ್ಕೇ ಬಿಟ್ಟು ಮೈಕ್ರೋಸಾಫ್ಟ್ ಸೇರಿದರು, 30ನೇ ನೌಕರನಾಗಿ. 2000ದಲ್ಲಿ ಬಿಲ್ ಗೇಟ್ಸ್ ಬಿಟ್ಟ ಸಿಇಒ ಕುರ್ಚಿಗೆ ಬಂದರು. ವೇದಿಕೆ ಮೇಲೆ ಬೆವರು ಇಳಿಯೋ ತನಕ ಕುಣಿದ ವಿಡಿಯೋ ನೀವೂ ನೋಡಿರುತ್ತೀರಿ. ನಮ್ಮ ದುಗ್ಗಮ್ಮನ ಜಾತ್ರೆಯಲ್ಲೂ ಅಷ್ಟು ಜೋರಾಗಿ ಕುಣಿದವರನ್ನು ನಾನು ಕಂಡಿಲ್ಲ. 2007ರಲ್ಲಿ ಐಫೋನ್ ಬಂದಾಗ, 500 ಡಾಲರ್ ಕೊಟ್ಟು ಕೀಬೋರ್ಡ್ ಇಲ್ಲದ ಫೋನು ಯಾರು ಕೊಳ್ಳುತ್ತಾರೆ ಎಂದು ನಕ್ಕರು. 2013ರಲ್ಲಿ ಕುರ್ಚಿ ಬಿಡುತ್ತೇನೆ ಎಂದರು. ಅವತ್ತೇ ಕಂಪನಿ ಷೇರು ಸುಮಾರು ಶೇ. 7 ಏರಿತು. ಷೇರು ಮಾರದೆ ಸುಮ್ನೆ ಇಟ್ಟುಕೊಂಡಿದ್ದಕ್ಕೆ ಆಮೇಲೆ ಇನ್ನೂ ಎಷ್ಟೋ ಪಟ್ಟು ಬೆಳೆದರು. ಕೆಲಸ ಬಿಟ್ಟಿದ್ದಕ್ಕೇ ಎಲ್ಲರಿಗೂ ಲಾಭ. ನಮ್ಮ ಕಡೆಯ ಕೆಲವರಿಗೂ ಈ ಮಾದರಿ ತಿಳಿಸಿದರೆ ಒಳ್ಳೇದು ಅನ್ನಿಸುತ್ತೆ, ಹೆಸರು ಬೇಡ.

2014ರಲ್ಲಿ 200 ಕೋಟಿ ಡಾಲರ್ ಕೊಟ್ಟು ಕ್ಲಿಪ್ಪರ್ಸ್ ಎಂಬ ಈ ಬಾಸ್ಕೆಟ್‌ಬಾಲ್ ತಂಡ ಕೊಂಡರು. ಆಗಿನ ಲೆಕ್ಕದಲ್ಲಿ ನಮ್ಮ 12 ಸಾವಿರ ಕೋಟಿ. 1970ರಿಂದ ಆಡುತ್ತಿರುವ ತಂಡ, ಒಂದು ಸಲವೂ ಕಪ್ ಮುಟ್ಟಿಲ್ಲ. ಈ ನೋವು ನಮಗೆ ಗೊತ್ತು. ನಮ್ಮ 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಆರ್‌ಸಿಬಿಗೆ ಬೌಲ್ ಮಾಡುವಾಗಿಂದ 'ಈ ಸಲ ಕಪ್ ನಮ್ದೇ' ಎಂದವರು ನಾವು. 18 ವರ್ಷಕ್ಕೆ, 2025ರ ಜೂನ್ 3ಕ್ಕೆ ಕಪ್ ಬಂತು. ಮಾರನೇ ದಿನ ಚಿನ್ನಸ್ವಾಮಿ ಗೇಟಿನ ಹತ್ತಿರ 11 ಜನ ಸತ್ತರು. ಅಲ್ಲಿ ಕಮೋಡ್ ಎಣಿಸುವ ಸಾಹುಕಾರರು. ಇಲ್ಲಿ ಗೇಟಿಗೆ ಎಷ್ಟು ಜನ ಬರುತ್ತಾರೆ ಎಂದು ಎಣಿಸುವವರೂ ಇಲ್ಲ.

ಇರಲಿ, ಸಂಡಾಸಿಗೆ ಬರೋಣ.

ಸಂಜೆ ಮಿರ್ಚಿ-ಮಂಡಕ್ಕಿ ಅಂಗಡಿಯಲ್ಲಿ ಈ ಕಥೆ ಹೇಳಿದೆ. ಮಿರ್ಚಿ ಕರಿಯುತ್ತಿದ್ದ ಹುಡುಗ ಜಾಲರಿ ಎತ್ತಿ ಹಿಡಿದು ಕೇಳಿದ:

"ಅಣ್ಣಾ, ಆ ಯಪ್ಪ ಎಲೆಕ್ಷನ್‌ಗೆ ನಿಲ್ತಾನಾ?"

"ಇಲ್ಲಪ್ಪ."

"ಮತ್ತೆ ಟೆಂಡರ್ ಯಾರ್ ಕಡೆಯವರಿಗೆ ಆಗೈತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಿರ್ಚಿ ಸ್ವಲ್ಪ ಸೀದಿತು.

ಸಾಹುಕಾರರ ದಾನವೂ ಸಣ್ಣದಲ್ಲ. ಬಡ ಮಕ್ಕಳಿಗೆ ಏನಾದರೂ ಮಾಡೋಣ ಎಂದು ಹೆಂಡತಿ ಕೋನಿ ಹೇಳಿದಾಗ, ನಾವು ಟ್ಯಾಕ್ಸ್ ಕಟ್ಟುತ್ತೇವಲ್ಲ, ಸರ್ಕಾರ ನೋಡಿಕೊಳ್ಳುತ್ತೆ ಎಂದರಂತೆ. ಆಯಮ್ಮ ಒಪ್ಪಲಿಲ್ಲ. ಹಾಗಾದರೆ ಟ್ಯಾಕ್ಸ್ ದುಡ್ಡು ಎಲ್ಲಿಗೆ ಹೋಗುತ್ತೆ ನೋಡೇ ಬಿಡೋಣ ಎಂದು ಲೆಕ್ಕ ತೆಗೆಯಲು ಹೋಗಿ, 2017ರಲ್ಲಿ ಯುಎಸ್‌ಎಫ್ಯಾಕ್ಟ್ಸ್ ಎಂಬ ಸಂಸ್ಥೆಯನ್ನೇ ಕಟ್ಟಿದರು. 2022ರಲ್ಲಿ ಮಕ್ಕಳ ಮಾನಸಿಕ ಆರೋಗ್ಯಕ್ಕೆಂದು ಒರೆಗಾನ್ ವಿಶ್ವವಿದ್ಯಾಲಯಕ್ಕೆ 42.5 ಕೋಟಿ ಡಾಲರ್ ಕೊಟ್ಟರು. ನಮ್ಮಲ್ಲಿ ಟ್ಯಾಕ್ಸ್ ಎಲ್ಲಿ ಹೋಯಿತು ಎಂದು ಗಂಡ-ಹೆಂಡತಿ ಜಗಳ ಆಡಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕು. ಉತ್ತರ ಬರುವಷ್ಟರಲ್ಲಿ ರಾಜಿ ಆಗಿರುತ್ತೆ.

ನಮ್ಮೂರಿಗೂ ದಾನಿಗಳು ಹೊಸಬರಲ್ಲ. ಡಿಆರ್‌ಎಂ ಕಾಲೇಜಿನ ಹುಡುಗರನ್ನು ನಿಲ್ಲಿಸಿ ಕೇಳಿ, ಆ ಮೂರಕ್ಷರ ಏನು ಅಂತ. ಎಷ್ಟು ಜನಕ್ಕೆ ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರು ಬಾಯಿಗೆ ಬರುತ್ತೋ ನೋಡೋಣ. ಹೆಸರು ಮೂರಕ್ಷರಕ್ಕೆ ಇಳಿದರೂ ಕಾಲೇಜು ನಿಂತಿದೆ. ಈಗಿನವರದು ಉಲ್ಟಾ. ಬೀದಿಯ ಟೆನಿಸ್ ಬಾಲ್ ಪ್ರೀಮಿಯರ್ ಲೀಗಿಗೂ ಹರಾಜು, ಹರಾಜಿಗೊಬ್ಬ ಓನರ್, ಓನರಿಗೊಂದು ಫ್ಲೆಕ್ಸು. 'ಕೊಡುಗೈ ದಾನಿ, ಕ್ರೀಡಾ ಪೋಷಕರು, ಯುವಕರ ಕಣ್ಮಣಿ.' ಟ್ರೋಫಿ ಕ್ಯಾಪ್ಟನ್‌ನ ಎದೆಮಟ್ಟ. ಓವರ್ ಮುಗಿದ ಕೂಡಲೇ ಹುಡುಗರು ಅದೇ ಫ್ಲೆಕ್ಸಿನ ಹಿಂದೆ ಹೋಗಿ ಬರುತ್ತಾರೆ. ಮರೆ ಮಾಡಿಕೊಟ್ಟಿದ್ದಂತೂ ನಿಜವಾದ ಕೊಡುಗೆ.

2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಬಂದಾಗ ಅದರಲ್ಲಿ ದಾವಣಗೆರೆ ಇತ್ತು. ಪೇಡೆ ಹಂಚಿದ್ದೆವು.

ಹೋದ ತಿಂಗಳು ನಮ್ಮಕ್ಕನನ್ನು ಬಸ್ ಹತ್ತಿಸಲು ಹೋಗಿದ್ದೆ. ಯಾವ ಬಸ್ ಸ್ಟ್ಯಾಂಡು ಅಂತ ಕೇಳಬೇಡಿ. ಗಂಡಸರ ಕಡೆ ಬಾಗಿಲೇ ಇಲ್ಲ. ಹೆಂಗಸರ ಕಡೆ ಬಾಗಿಲು ಇತ್ತು, ಬೀಗವೂ ಇತ್ತು. ಬೀಗದ ಕೈ ಇಟ್ಟುಕೊಂಡವನು ಟೀ ಕುಡಿಯಲು ಹೋಗಿದ್ದ. ಬಾಗಿಲ ಮುಂದೆ ಐದಾರು ಜನ ಹೆಂಗಸರು. ಒಬ್ಬಳು ತುಂಬು ಬಸುರಿ, ಗೋಡೆಗೆ ಕೈ ಕೊಟ್ಟು ನಿಂತಿದ್ದಳು. ಯಾರೂ ಜೋರು ಮಾಡಲಿಲ್ಲ. ಅಭ್ಯಾಸ ಆಗಿದೆ. ಅಕ್ಕನಿಗೆ ನೀರಿನ ಬಾಟಲಿ ಕೊಡಲು ಹೋದೆ. "ಬ್ಯಾಡಪ್ಪ, ನಿನ್ನೆ ರಾತ್ರಿಯಿಂದ ಕುಡ್ದಿಲ್ಲ, ಇನ್ನು ಊರು ಮುಟ್ಟಿದ ಮ್ಯಾಲೇ" ಎಂದಳು. ಅಕ್ಕನಿಗೆ ಅರವತ್ತು ವರ್ಷ, ಶುಗರ್ ಇದೆ. ನೀರು ಜಾಸ್ತಿ ಕುಡಿಯಿರಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ನನಗೆ ತಮಾಷೆ ಎಲ್ಲ ನಿಂತುಹೋಯಿತು. ನಮ್ಮ ಹೆಂಗಸರು ಇಡೀ ಜೀವನ ಬಾಯಾರಿಕೊಂಡೇ ಊರಿಂದೂರಿಗೆ ಓಡಾಡಿದ್ದಾರೆ. ಇದಕ್ಕೆ ಡಾಲರ್ ಬೇಕಾಗಿಲ್ಲ, ಒಂದು ಬಕೆಟ್ ನೀರು, ಬೀಗ ಇಲ್ಲದ ಬಾಗಿಲು ಸಾಕು. ಅಷ್ಟೂ ಆಗೋದಿಲ್ಲ ಅಂದರೆ ಏನು ಹೇಳೋದು.

ನಿನ್ನೆ ಮತ್ತೊಂದು ಲೀಗಿನ ಫ್ಲೆಕ್ಸ್ ಬಿದ್ದಿದೆ. ನಮ್ಮಣ್ಣನ ಮಗ ಓಪನಿಂಗ್ ಬ್ಯಾಟ್ಸ್‌ಮನ್. ಅಕ್ಕನಿಗೆ ಫೋನ್ ಮಾಡಿ, ಭಾನುವಾರ ಬಾ, ಇಡೀ ದಿನ ಮ್ಯಾಚು, ಹೆಂಗಸರಿಗೆ ಬೇರೆ ಕುರ್ಚಿ, ಶಾಮಿಯಾನ, ಊಟ, ತಣ್ಣನೆ ನೀರು ಎಲ್ಲ ಇದೆಯಂತೆ ಎಂದೆ.

"ನೀರೂ ಐತಂತಾ? ಹಂಗಾದ್ರೆ ನಾನು ಬರಲ್ಲ ಬಿಡಪ್ಪ" ಎಂದಳು.